ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮಲಗಿದರೂ ಆರದ ದಣಿವು

ಪ್ರಶ್ನೆ: ನನ್ನ ಮಗಳಿಗೆ 20 ವರ್ಷ. ಜಯನಗರದ ಕಾಲೇಜೊಂದರಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಳೆ. ಕಳೆದ ಮಳೆಗಾಲದಲ್ಲಿ ಬಂದ ಜ್ವರ ವಾರದೊಳಗೆ ಬಿಟ್ಟಿತಾದರೂ ಅಂದಿನಿಂದ ಅವಳು ಮೊದಲಿನಂತಾಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತುಹೋಗುತ್ತವೆ, ಓದಿದ್ದು ತಲೆಗೆ ಹತ್ತುವುದಿಲ್ಲ ಎನ್ನುತ್ತಾಳೆ. ರಕ್ತಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ ವೈದ್ಯರು ಪ್ರತಿದಿನ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡಿಸಿ ಎಂದರು. ಮಾಡಿಸಿದ ಮೇಲೆ ಇನ್ನಷ್ಟು ಕುಸಿದಳು. ಮೊನ್ನೆ ಕಾಲೇಜಿನಲ್ಲಿ ಎಂ.ಇ./ಸಿ.ಎಫ್.ಎಸ್. ಎಂಬ ಕಾಯಿಲೆಯ ಬಗ್ಗೆ ಸಾಕ್ಷ್ಯಚಿತ್ರ ತೋರಿಸಿದರಂತೆ. ನೋಡಿ ಬಂದವಳು ‘ಅಮ್ಮ, ನನಗಿರುವುದು ಇದೇ’ ಎಂದು ಅತ್ತಳು. ನೆಂಟರೆಲ್ಲ ಸೋಮಾರಿತನ ಎನ್ನುತ್ತಾರೆ. ಇದು ನಿಜವಾದ ಕಾಯಿಲೆಯೇ? ಯಾರಿಗೆ ತೋರಿಸಬೇಕು?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ನಿಜವಾದ ಕಾಯಿಲೆಯೇ, ತಾಯಿ. ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಅಥವಾ ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂದು ಕರೆಯಲಾಗುವ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 1969ರಲ್ಲಿಯೇ ನರಮಂಡಲದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅನೇಕರಲ್ಲಿ ಇದು ವೈರಾಣು ಸೋಂಕಿನ ಬೆನ್ನಿಗೇ ಆರಂಭವಾಗುತ್ತದೆ; ಕೋವಿಡ್ ನಂತರ ಚೇತರಿಸಿಕೊಳ್ಳದವರಲ್ಲಿ ಒಂದಷ್ಟು ಮಂದಿಯಲ್ಲಿಯೂ ಇವೇ ಲಕ್ಷಣಗಳು ಕಂಡಿವೆ. ನಿಮ್ಮ ಮಗಳಿಗಿರುವುದು ಇದೇ ಎಂದು ಪತ್ರ ಓದಿ ಹೇಳಲು ಬರುವುದಿಲ್ಲ. ಆದರೆ ವಾಕಿಂಗ್ ಶುರುವಾದ ಮೇಲೆ ಅವಳು ಇನ್ನಷ್ಟು ಕುಸಿದಳೆಂದು ನೀವು ಬರೆದಿರುವುದು ಯಾವ ವೈದ್ಯರೂ ಕಡೆಗಣಿಸಬಾರದ ಸಂಗತಿ.

ಈ ಕಾಯಿಲೆಯ ಗುರುತು ಇರುವುದೇ ಅಲ್ಲಿ. ದೇಹ ಅಥವಾ ಮೆದುಳು ತನ್ನ ಮಿತಿಯನ್ನು ಸ್ವಲ್ಪ ಮೀರಿದರೂ ಎಲ್ಲ ಲಕ್ಷಣಗಳೂ ಒಟ್ಟಿಗೆ ಉಲ್ಬಣಿಸುತ್ತವೆ, ಅದೂ ಬಹುತೇಕ 12ರಿಂದ 48 ಗಂಟೆ ತಡವಾಗಿ, ಮತ್ತು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇಳಿಯುವುದಿಲ್ಲ. ಸೋಮವಾರ ಲ್ಯಾಬಿನಲ್ಲಿ ಮೂರು ಗಂಟೆ ನಿಂತು, ಸಂಜೆ ಗೆಳತಿಯರೊಂದಿಗೆ ನಗುತ್ತಾ ಮನೆಗೆ ಬಂದ ಹುಡುಗಿ ಬುಧವಾರ ಬೆಳಿಗ್ಗೆ ಬಾಚಣಿಗೆ ಹಿಡಿದ ಕೈಯನ್ನು ತಲೆಯವರೆಗೆ ಎತ್ತಲಾರದೆ ಮಂಚದ ಮೇಲೆಯೇ ಕುಳಿತುಬಿಟ್ಟರೆ, ನೋಡಿದವರು ‘ಮೊನ್ನೆ ಚೆನ್ನಾಗಿಯೇ ಇದ್ದಳಲ್ಲ’ ಎನ್ನುತ್ತಾರೆಯೇ ಹೊರತು ಸೋಮವಾರದ ಲ್ಯಾಬನ್ನು ನೆನೆಸಿಕೊಳ್ಳುವುದಿಲ್ಲ. ಸೋಮಾರಿತನದ ಆರೋಪ ಹುಟ್ಟುವುದು ಈ ತಡದಿಂದಲೇ. ಆದ್ದರಿಂದ ಇಂದಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಆಯಾ ದಿನ ಅವಳು ಏನೇನು ಮಾಡಿದಳು, ನಿದ್ದೆ ಹೇಗಿತ್ತು, ಯಾವಾಗ ಕುಸಿದಳು ಎಂದು ಎರಡೆರಡು ಸಾಲು ಬರೆದಿಡಿ. ರಕ್ತಪರೀಕ್ಷೆಯ ವರದಿಗಿಂತ ಆ ನೋಟ್‌ಬುಕ್ಕೇ ವೈದ್ಯರಿಗೆ ಹೆಚ್ಚು ಹೇಳಬಹುದು, ಏಕೆಂದರೆ ಇದನ್ನು ಖಚಿತವಾಗಿ ತೋರಿಸುವ ಒಂದು ಪರೀಕ್ಷೆ ಇನ್ನೂ ಬಂದಿಲ್ಲ.

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ರೋಗಿ ಮೊದಲು ಮಾಡುತ್ತಿದ್ದ ಕೆಲಸಗಳನ್ನು ಆರು ತಿಂಗಳಿಗೂ ಹೆಚ್ಚು ಕಾಲದಿಂದ ಮಾಡಲಾಗದಿರಬೇಕು, ಶ್ರಮದ ನಂತರ ಮೇಲೆ ಹೇಳಿದ ಕುಸಿತವಿರಬೇಕು, ಎಷ್ಟು ಮಲಗಿದರೂ ದಣಿವು ಆರದಿರಬೇಕು. ಇವುಗಳ ಜೊತೆಗೆ ಮಂಕು ಕವಿದಂತಾಗುವುದೋ, ನಿಂತರೆ ತಲೆ ಸುತ್ತಿ ಎದೆ ಹೊಡೆದುಕೊಳ್ಳುವುದೋ ಎರಡರಲ್ಲಿ ಒಂದಾದರೂ ಇರಬೇಕು. ಅನುಭವವುಳ್ಳ ಜನರಲ್ ಮೆಡಿಸಿನ್ ವೈದ್ಯರ ಬಳಿ ಮೊದಲು ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ-12, ಸಕ್ಕರೆ, ಕ್ಷಯ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಇವನ್ನೆಲ್ಲ ಅವರು ಒಂದೊಂದಾಗಿ ತಳ್ಳಿಹಾಕಬೇಕಾಗುತ್ತದೆ. ಮಲಗಿದ್ದಾಗಿನ ನಾಡಿ ಮತ್ತು ರಕ್ತದೊತ್ತಡವನ್ನು ನೋಡಿ, ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡಲು ಕೇಳಿಕೊಳ್ಳಿ. ರಕ್ತದೊತ್ತಡ ಹೆಚ್ಚು ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿ ಹಾಗೆಯೇ ಉಳಿದರೆ ಅದು ಪಾಟ್ಸ್ (POTS) ಎಂಬ ತೊಂದರೆಯ ಸುಳಿವು. ಅದು ಈ ಕಾಯಿಲೆಯ ಜೊತೆಗೂ ಇರಬಹುದು, ಅದಕ್ಕೆ ಚಿಕಿತ್ಸೆಯೂ ಇದೆ. ಖಿನ್ನತೆಯ ಬಗ್ಗೆ ವಿಚಾರಿಸಿದರೆ ಬೇಸರಿಸಿಕೊಳ್ಳಬೇಡಿ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಆಸೆಯೇ ಬತ್ತಿರುತ್ತದೆ, ಇಲ್ಲಿ ಆಸೆಯಿದ್ದೂ ದೇಹ ಏಳುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು.

ವಾಕಿಂಗ್ ಮಾಡಿಸಿ ಎಂದ ವೈದ್ಯರದು ಕೆಟ್ಟ ಉದ್ದೇಶವಲ್ಲ. ಬಹುಕಾಲ ವೈದ್ಯಲೋಕವೇ ಹಾಗೆ ನಂಬಿತ್ತು; ಕಾಯಿಲೆ ದೇಹದ್ದಲ್ಲ, ಮನಸ್ಸಿನದು ಎಂಬ ಎಣಿಕೆಯೂ ಅದರ ಹಿಂದಿತ್ತು. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಇನ್ನೂರಕ್ಕೂ ಹೆಚ್ಚು ಸಿಬ್ಬಂದಿ ಇಂಥ ಕಾಯಿಲೆಗೆ ತುತ್ತಾದರು. 1970ರಲ್ಲಿ ಇಬ್ಬರು ಮನೋವೈದ್ಯರು ಆ ರೋಗಿಗಳಲ್ಲಿ ಯಾರನ್ನೂ ಪರೀಕ್ಷಿಸದೆ, ಹಳೆಯ ದಾಖಲೆಗಳನ್ನಷ್ಟೇ ಓದಿ, ಅದು ಸಾಮೂಹಿಕ ಉನ್ಮಾದವೆಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚಿದ್ದುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಆ ಮಾತಿನ ನೆರಳು ರೋಗಿಗಳ ಮೇಲೆ ಇಂದಿಗೂ ಇದೆಯೆಂಬುದು ನನಗೆ ನಿಜವಾಗಿ ನೋವಿನ ವಿಷಯ. ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವ ಚಿಕಿತ್ಸೆಯನ್ನು ಈ ರೋಗಿಗಳಿಗೆ ಕೊಡಬಾರದೆಂದು ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ 2021ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ.

ಕಾಯಿಲೆಯನ್ನು ವಾಸಿಮಾಡುವ ಔಷಧ ಸದ್ಯಕ್ಕಿಲ್ಲ. ನಿದ್ದೆ, ನೋವು, ತಲೆಸುತ್ತು ಇವುಗಳಿಗೆ ಔಷಧವಿದೆ. ಉಳಿದದ್ದು ಕಡಿಮೆ ಸಂಬಳದಲ್ಲಿ ಸಂಸಾರ ತೂಗಿಸುವಂತೆ ಇರುವ ಶಕ್ತಿಯನ್ನು ಅಳೆದು ಬಳಸುವುದು: ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡುವುದು, ದಣಿವಾಗುವ ಮುನ್ನವೇ ಮಲಗುವುದು, ಚೆನ್ನಾಗಿರುವ ದಿನವೂ ಹಿಂದಿನ ಬಾಕಿ ಕೆಲಸವನ್ನೆಲ್ಲ ಮುಗಿಸಲು ಹೋಗದಿರುವುದು. ನೆಂಟರ ಮುಂದೆ ಅವಳು ತನ್ನನ್ನು ಸಮರ್ಥಿಸಿಕೊಳ್ಳುವಂತಾಗಬಾರದು. ಆ ಮಾತನ್ನು ನೀವೇ ಆಡಿ, ಏಕೆಂದರೆ ವಾದಿಸುವುದೂ ಅವಳಿಗೆ ಶ್ರಮವೇ. ಹಾಜರಾತಿಯ ವಿಷಯದಲ್ಲಿ ವೈದ್ಯರ ಪತ್ರದೊಂದಿಗೆ ಪ್ರಾಂಶುಪಾಲರನ್ನು ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಕಂಡು, ಲ್ಯಾಬಿನಲ್ಲಿ ಕುಳಿತು ಕೆಲಸ ಮಾಡಲು ಅನುಮತಿ ಕೇಳಿ.

ಪ್ರಶ್ನೆ: ಇಂಥದೇ ಸಾಕ್ಷ್ಯಚಿತ್ರವನ್ನು ನಮ್ಮ ಕಾಲೇಜಿನಲ್ಲಿಯೂ ತೋರಿಸಬೇಕೆಂದಿದ್ದೇವೆ. ಏನನ್ನು ಗಮನದಲ್ಲಿಡಬೇಕು?
– ಒಬ್ಬ ಉಪನ್ಯಾಸಕಿ, ಮಲ್ಲೇಶ್ವರ

ಉತ್ತರ: ಒಳ್ಳೆಯ ಕೆಲಸ, ಮೇಡಂ. ನೋಡಲು ಬರುವವರಲ್ಲಿ ರೋಗಿಗಳೂ ಇರಬಹುದೆಂದು ಎಣಿಸಿಯೇ ಏರ್ಪಾಡು ಮಾಡಿ. ಎರಡನೇ ಮಹಡಿಯ ಸಭಾಂಗಣ ಬೇಡ. ನೆಲಮಹಡಿಯ ಕೊಠಡಿ, ತಗ್ಗಿಸಿದ ಧ್ವನಿ, ಹಿಂಭಾಗದಲ್ಲಿ ಮಲಗಲು ಒಂದೆರಡು ಜಮಖಾನ, ನಡುವೆ ವಿರಾಮ ಇರಲಿ. ಸ್ವಾಗತ, ದೀಪ ಬೆಳಗುವುದು, ಹಾರ ತುರಾಯಿ ಎಲ್ಲವನ್ನೂ ಬಿಟ್ಟು ನೇರವಾಗಿ ಚಿತ್ರಕ್ಕೆ ಬನ್ನಿ. ಚರ್ಚೆಗೆ ವೈದ್ಯರ ಜೊತೆ ಒಬ್ಬ ರೋಗಿಯೂ ಇರಬೇಕು, ಬರಲಾಗದಿದ್ದರೆ ಮನೆಯಿಂದಲೇ ಫೋನಿನಲ್ಲಿ ಮಾತಾಡಲಿ. ಈ ರೋಗಿಗಳಲ್ಲಿ ಕನಿಷ್ಠ ಕಾಲು ಭಾಗದಷ್ಟು ಮಂದಿ ಒಂದಲ್ಲ ಒಂದು ಕಾಲದಲ್ಲಿ ಮನೆ ಅಥವಾ ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿಯಲ್ಲಿರುತ್ತಾರೆ. ಆದ್ದರಿಂದ ಚರ್ಚೆಯನ್ನು ಧ್ವನಿಮುದ್ರಿಸಿ ಬೇಕೆಂದವರಿಗೆ ಕಳಿಸಿಕೊಡಿ. ದೈಹಿಕ ಶಿಕ್ಷಣದ ಅಧ್ಯಾಪಕರನ್ನು ಮರೆಯದೆ ಕರೆಯಿರಿ.