ಚೆಂಡೂ ರೌಂಡು, ನಾಣ್ಯವೂ ರೌಂಡು?

ಓದುಗರ ಪತ್ರ: ‘ಕಳೆದ ಸಂಚಿಕೆಯ ಮಕ್ಕಳ ಪುಟದಲ್ಲಿ ಗೋಳ, ಘನ, ಆಯತಘನ, ಶಂಕು ಅಂತೆಲ್ಲ ಬರೆದಿದ್ದೀರಿ. ಮೂರನೇ ತರಗತಿಯ ನನ್ನ ಮಗಳು ಚೆಂಡಿಗೆ ರೌಂಡು ಅಂತಾಳೆ, ದಾಳಕ್ಕೆ ಚೌಕ ಅಂತಾಳೆ. ಮನೆಯಲ್ಲಿ ಎಲ್ಲರಿಗೂ ಅರ್ಥ ಆಗುತ್ತದೆ. ಇಷ್ಟೊಂದು ಕಷ್ಟದ ಹೆಸರು ಅವಳ ತಲೆಗೆ ಯಾಕೆ ತುಂಬಬೇಕು? ಮೊಟ್ಟೆಯ ಆಕಾರಕ್ಕೂ ಹೆಸರಿದೆಯಾ ಅಂತ ಅವಳೇ ಕೇಳಿದ್ದಾಳೆ, ತಿಳಿಸಿ.’

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಗಳು ದಾಳಕ್ಕೆ ಚೌಕ ಅಂದಾಗ ಕಣ್ಣಿಗೆ ಕಂಡದ್ದನ್ನೇ ಹೇಳಿದ್ದಾಳೆ. ದಾಳವನ್ನು ಯಾವ ಕಡೆ ತಿರುಗಿಸಿದರೂ ಎದುರಿಗೆ ಬರುವುದು ಚೌಕವೇ. ಆದರೆ ಅಂಥ ಆರು ಚೌಕ ಸೇರಿ ಆದ ವಸ್ತುವಿಗೆ ಬೇರೆ ಹೆಸರು ಬೇಕಲ್ವಾ? ಆ ಹೆಸರೇ ಘನ.

ತೊಂದರೆ ಶುರುವಾಗುವುದು ಪುಸ್ತಕದ ಹಾಳೆಯಲ್ಲಿ. ಹಾಳೆ ಚಪ್ಪಟೆ. ಅದರ ಮೇಲೆ ಚೆಂಡು ಬರೆದರೂ ವೃತ್ತ, ಉಂಗುರ ಬರೆದರೂ ವೃತ್ತ. ನಾನು ಚಿಕ್ಕವನಿದ್ದಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ಘನದಲ್ಲಿ ನನಗೆ ಕಂಡದ್ದು ಎರಡು ಚೌಕ, ನಾಲ್ಕು ಓರೆ ಗೆರೆ, ಅಷ್ಟೇ. ಬಹಳ ದಿನ ಹಾಗೇ ಇತ್ತು. ಒಂದು ಪೆಟ್ಟಿಗೆ ಕೈಗೆ ಕೊಟ್ಟು ‘ಮೂಲೆ ಎಣಿಸು’ ಅಂದಿದ್ದರೆ ಒಂದೇ ನಿಮಿಷದಲ್ಲಿ ತಿಳಿಯುತ್ತಿತ್ತು. ಅದಕ್ಕೇ ಹೆಸರಿಗಿಂತ ಮೊದಲು ವಸ್ತು ಮಗುವಿನ ಕೈಗೆ ಬರಲಿ ಅಂತ ನನ್ನ ಆಸೆ.

ದಾಳವನ್ನೇ ಕೊಡಿ. ಬೆರಳಿಗೆ ಚಪ್ಪಟೆಯಾಗಿ ಸಿಗುವುದು ಮುಖ. ಎರಡು ಮುಖ ಸೇರುವ ಗೆರೆ ಅಂಚು. ಅಂಚುಗಳು ಕೂಡುವ ಮೂಲೆ ಶೃಂಗ. ಎಣಿಸಿದರೆ 6 ಮುಖ, 12 ಅಂಚು, 8 ಶೃಂಗ. ಆಮೇಲೆ ಉದ್ದನೆಯ ರಟ್ಟಿನ ಪೆಟ್ಟಿಗೆ ಕೊಡಿ. ಎಣಿಕೆ ಅದೇ, ಆದರೆ ಮುಖಗಳು ಆಯತ. ಅದು ಆಯತಘನ. ಈಗ ಮುಖದ ಎಣಿಕೆಗೆ ಶೃಂಗದ ಎಣಿಕೆ ಕೂಡಿಸಿ ಅಂಚಿನದನ್ನು ಕಳೆಯಲಿ: 6 + 8 − 12 = 2. ಚೌಕ ತಳದ ಪಿರಮಿಡ್‌ಗೆ 5 ಮುಖ, 5 ಶೃಂಗ, 8 ಅಂಚು. ಅಲ್ಲೂ ಉಳಿಯುವುದು 2! ಚಪ್ಪಟೆ ಮುಖಗಳಿರುವ, ತೂತಾಗಲಿ ತಗ್ಗಾಗಲಿ ಇಲ್ಲದ ಯಾವ ಆಕೃತಿ ತೆಗೆದುಕೊಂಡರೂ ಇಷ್ಟೇ. 18ನೇ ಶತಮಾನದಲ್ಲಿ ಆಯ್ಲರ್ ಎಂಬ ಗಣಿತಜ್ಞ ಇದನ್ನು ಗುರುತಿಸಿ ಬರೆದ. ಮುಖ, ಅಂಚು, ಶೃಂಗ ಅನ್ನುವ ಮೂರು ಪದ ಇಲ್ಲದಿದ್ದರೆ ಈ ಸಂತೋಷವನ್ನು ಮಗುವಿಗೆ ದಾಟಿಸುವುದು ಹೇಗೆ?

ಒಂದು ಮಾತು ಒಪ್ಪಬೇಕು. ‘ಘನ’ ನಿಜಕ್ಕೂ ಗೊಂದಲದ ಪದ. ಘನ, ದ್ರವ, ಅನಿಲ ಅನ್ನುವಾಗ ಅದು ಗಟ್ಟಿ ವಸ್ತು. 2 × 2 × 2 ಅನ್ನುವಾಗ ‘2ರ ಘನ 8’. ಈ ಲೆಕ್ಕಕ್ಕೂ ದಾಳಕ್ಕೂ ನಂಟಿದೆ: ಅಂಚು 2 ಅಳತೆಯ ಘನ ಕಟ್ಟಲು ಅಂಚು 1 ಅಳತೆಯ ಚಿಕ್ಕ ಘನಗಳು ಎಂಟು ಬೇಕು. ಆದರೂ ಮಕ್ಕಳಿಗೆ ಬರೆಯುವಾಗ ದಪ್ಪ ಇರುವ ಎಲ್ಲ ಆಕೃತಿಗಳಿಗೆ ‘ಘನಾಕೃತಿ’, ದಾಳದಂಥದ್ದಕ್ಕೆ ಮಾತ್ರ ‘ಘನ’ ಅನ್ನುವುದು ಒಳ್ಳೆಯದು. ಕಳೆದ ಸಂಚಿಕೆಯಲ್ಲಿ ನಾವು ಎರಡಕ್ಕೂ ಘನ ಅಂತಲೇ ಹಾಕಿದ್ದೆವು. ಅದು ನಮ್ಮ ತಪ್ಪು.

ಇನ್ನು ‘ರೌಂಡು’. ಚೆಂಡು ಗೋಳ. ನಾಣ್ಯ ಗಿಡ್ಡನೆಯ ಸಿಲಿಂಡರ್. ನಂಬಿಕೆ ಬರದಿದ್ದರೆ ಒಂದೇ ಅಳತೆಯ ಹತ್ತು ನಾಣ್ಯ ಒಂದರ ಮೇಲೊಂದು ಇಟ್ಟು ನೋಡಲಿ. ಒಂದು ನಾಣ್ಯದ ಸುತ್ತ ಪೆನ್ಸಿಲ್ ಎಳೆದಾಗ ಹಾಳೆಯ ಮೇಲೆ ಉಳಿಯುವ ಗೆರೆ ಇದೆಯಲ್ಲ, ಅದು ವೃತ್ತ. ಸಿಲಿಂಡರಿಗೆ ಸುತ್ತಿದ ಕಾಗದ ಬಿಚ್ಚಿದರೆ ಆಯತ. ಐಸ್‌ಕ್ರೀಂ ಕೋನಿನ ಆಕಾರವೇ ಶಂಕು, ಅದರದು ಬಿಚ್ಚಿದರೆ ಬೀಸಣಿಗೆಯಂಥ ತುಂಡು. ಚೆಂಡಿಗೆ ಮಾತ್ರ ಸುಕ್ಕಿಲ್ಲದೆ ಕಾಗದ ಸುತ್ತಲು ಆಗುವುದೇ ಇಲ್ಲ. ಗೋಳದ ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಬರುವುದಿಲ್ಲ. ಭೂಪಟಗಳಲ್ಲಿ ಗ್ರೀನ್‌ಲ್ಯಾಂಡ್ ಎಷ್ಟೋ ಸಲ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುವುದು ಇದಕ್ಕೇ. ನಿಜಕ್ಕೆ ಆಫ್ರಿಕಾ ಅದರ ಸುಮಾರು 14 ಪಟ್ಟು ದೊಡ್ಡದು.

ಹೆಸರು ಕಷ್ಟ ಅಂದಿರಿ. ಕೆಲವನ್ನು ಬಿಡಿಸಿ ಹೇಳಿದರೆ ಸಾಕು. ತ್ರಿಭುಜ ಅಂದರೆ ಮೂರು ತೋಳಿನದು. ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ನೇರ ಗೆರೆ ಜ್ಯಾ, ಅಂದರೆ ಬಿಲ್ಲಿನ ಹೆದೆ. ಚಿತ್ರ ಬರೆದು ತೋರಿಸಿ, ಬಿಲ್ಲು ತಾನೇ ಕಾಣುತ್ತದೆ. ತ್ರಾಪಿಜ್ಯ, ಪಟ್ಟಕದಂಥವು ದೊಡ್ಡ ತರಗತಿಗೆ ಇರಲಿ, ಈಗಲೇ ಸುಮ್ನೆ ಬಾಯಿಪಾಠ ಬೇಡ.

ಮಗಳ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಮೊಟ್ಟೆಗೆ ‘ಮೊಟ್ಟೆಯಾಕಾರ’ ಅಂತಲೇ ಅನ್ನಲಿ, ಅಂಡಾಕಾರ ಅಂದರೂ ಅದೇ ಅರ್ಥ. ದೀರ್ಘವೃತ್ತ ಅನ್ನುವುದು ಬೇಡ. ದೀರ್ಘವೃತ್ತ ಹಾಳೆಯ ಮೇಲಿನ ಆಕೃತಿ, ಅದರ ಎರಡೂ ತುದಿ ಒಂದೇ ತರ. ಮೊಟ್ಟೆಯ ಒಂದು ತುದಿ ಇನ್ನೊಂದಕ್ಕಿಂತ ಚೂಪು. ಒಂದು ಮೊಟ್ಟೆ ಕೈಗೆ ಕೊಟ್ಟು, ಚೂಪು ಯಾವ ಕಡೆ ಅಂತ ಅವಳನ್ನೇ ಕೇಳಿ.