ಬೇಟೆಗಾರನ ಜಮಾ-ಖರ್ಚು

ಪ್ರಶ್ನೆ: ಮೈನ್‌ಕ್ರಾಫ್ಟ್ ಅನ್ನೋ ವಿಡಿಯೋ ಗೇಮನ್ನ, ಹಲವರು ಸೇರಿ ಆಡೋ ಒಂದು ಸರ್ವರ್‌ನಲ್ಲಿ ಆಡ್ತೀನಿ ಸರ್. ಅಲ್ಲಿ ಎಲ್ಲರೂ ಒಂದೊಂದು ಕೆಲಸ ಹಿಡೀಬೇಕು, ನನ್ನದು ಬೇಟೆ. ಕೊಂದ ಪ್ರತಿ ಜಾಂಬಿಗೂ ನಾಣ್ಯ ಬರುತ್ತೆ. ರಾತ್ರಿಯೆಲ್ಲ ಕತ್ತಿ ಬೀಸಿದರೂ ಮನೆ ಕಟ್ಟೋ ಗೆಳೆಯನ ಹತ್ತಿರವೇ ದುಡ್ಡು ಜಾಸ್ತಿ. ಕೆಲಸ ಬದಲಾಯಿಸಲಾ?
— ಬಿ.ಕಾಂ. ವಿದ್ಯಾರ್ಥಿ, ವಿಜಯನಗರ

ಉತ್ತರ: ಬೇಡ. ಹಗಲು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆದು, ರಾತ್ರಿ ಹನುಮಂತನಗರದ ಮನೆಯಲ್ಲಿ ಕೂತು ಇದೇ ಬೇಟೆ ಆಡಿದವನು ನಾನು. ಮೊದಮೊದಲು ನಾನೂ ತಲೆ ಎಣಿಸಿದೆ. ತಲೆಗಿಷ್ಟು ಅಂತ ಬರೋದು ಬರೀ ದಿನಗೂಲಿ. ಜಾಂಬಿಯ ಕೊಳೆತ ಮಾಂಸ ಯಾರಿಗೆ ಬೇಕು? (ಹಳ್ಳಿಯ ಪೂಜಾರಿಯೊಬ್ಬ 32 ತುಂಡಿಗೆ ಒಂದು ಪಚ್ಚೆ ಕೊಡ್ತಾನೆ, ಪುಣ್ಯಾತ್ಮ.)

ಕ್ರೀಪರ್ ಹೊಡೀರಿ, ಅದೇ ಹತ್ತಿರ ಬಂದು ಸಿಡಿಯೋ ಆ ಹಸಿರು ಜಂತು. ಅದರ ಗನ್‌ಪೌಡರ್ ಒಂದಕ್ಕೆ ಒಂದು ಕಾಗದ ಸೇರಿಸಿದರೆ 3 ರಾಕೆಟ್. ಎಲೈಟ್ರಾ ರೆಕ್ಕೆ ಕಟ್ಟಿಕೊಂಡವರೆಲ್ಲ ಹಾರಾಡೋದು ಅದರ ಬಲದ ಮೇಲೆ. ನಿಮ್ಮದು ಪೆಟ್ರೋಲ್ ಬಂಕ್ ಇದ್ದ ಹಾಗೆ. ಆದರೆ ಯಾರಾದರೂ ಕ್ರೀಪರ್‌ಗಳನ್ನ ತಾನಾಗೇ ಕೊಲ್ಲೋ ಫಾರ್ಮ್ ಕಟ್ಟಿದ ದಿನ ಬೆಲೆ ನೆಲ ಕಚ್ಚುತ್ತೆ. ಆಗ ನೆದರ್‌ಗೆ, ಅಂದರೆ ಆಟದ ಪಾತಾಳಲೋಕಕ್ಕೆ, ಇಳೀರಿ.

ಅಲ್ಲಿ ವಿದರ್ ಅಸ್ಥಿಪಂಜರ ಅನ್ನೋ ಶತ್ರುವನ್ನ ಕೊಂದರೆ ತಲೆಬುರುಡೆ ಬೀಳೋ ಸಂಭವ ನೂರಕ್ಕೆ 2.5. ಕತ್ತಿಗೆ ಲೂಟಿಂಗ್ 3 (ಹೆಚ್ಚು ಮಾಲು ಬೀಳಿಸೋ ಮಂತ್ರ) ಹಾಕಿದ್ದರೆ 5.5. ಅಂದರೆ ಮೂರು ಬುರುಡೆಗೆ ಸರಾಸರಿ 120 ಬೇಟೆ ಆಗಬೇಕಿದ್ದದ್ದು 55ರ ಆಸುಪಾಸಿಗೆ ಇಳಿಯುತ್ತೆ. ಲೂಟಿಂಗ್‌ಗೆ ಸುರಿದ ದುಡ್ಡು ಇಲ್ಲೇ ವಾಪಸ್. 3 ಬುರುಡೆ, 4 ಸೋಲ್ ಸ್ಯಾಂಡ್ (ನೆದರ್‌ನ ಮರಳು) ಜೋಡಿಸಿ ವಿದರ್ ಅನ್ನೋ ದೈತ್ಯನ್ನ ಎಬ್ಬಿಸಿ ಕೊಂದರೆ ಒಂದು ನೆದರ್ ಸ್ಟಾರ್. ಅದಿಲ್ಲದೆ ಬೀಕನ್ (ಸುತ್ತಲಿದ್ದವರಿಗೆ ಶಕ್ತಿ ಕೊಡೋ ದೀಪ) ಇಲ್ಲ. ಬೆಟ್ಟ ಸವರಿ ಕೋಟೆ ಕಟ್ಟೋ ನಿಮ್ಮ ಗೆಳೆಯನಿಗೆ, ಬೇಗ ಬೇಗ ಅಗೆಯೋಕೆ, ಬೀಕನ್ ಬೇಕೇ ಬೇಕು.

ಖರ್ಚನ್ನೂ ಬರೆದಿಡಿ: ಕತ್ತಿಯ ಸವಕಳಿ, ಬಾಣ, ಊಟ, ಸಾವು. ನಾನು ಒಮ್ಮೆ ಎರಡು ಬುರುಡೆ ಹೊತ್ತುಕೊಂಡು ಲಾವಾಗೆ ಬಿದ್ದೆ. ನನ್ನ ಕೂಗು ಕೇಳಿ ಮನೆಯವಳು ಅಡುಗೆಮನೆಯಿಂದ "ಏನಾಯ್ತು?" ಅಂದಳು. "ನಷ್ಟ" ಅಂದೆ. ಷೇರು ಅಂದುಕೊಂಡಳೋ ಏನೋ, ಒಂದು ಲೋಟ ಕಾಫಿ ತಂದುಕೊಟ್ಟಳು. ಅವತ್ತಿನಿಂದ ಬುರುಡೆ ಸಿಕ್ಕ ಕೂಡಲೇ ಮನೆಗೆ ಬಂದು ಪೆಟ್ಟಿಗೆಗೆ ಹಾಕಿಡ್ತೀನಿ.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ನಲ್ಲಿ ಮಲ್ಲಿಗೆಗೆ ಇರೋ ಬೆಲೆ ಮಾರನೇ ದಿನ ಇರುತ್ತಾ? ಮುಂದಿನ ಕೋಟೆ ಯಾವಾಗ ಶುರು ಅಂತ ಗೆಳೆಯನನ್ನ ಇವತ್ತೇ ಕೇಳಿ. ಸ್ಟಾರ್‌ಗೆ ಮುಂಗಡ ಈಸ್ಕೊಳ್ಳಿ.