ಒಟಿಪಿ ಬರುವುದು ಅಮ್ಮನ ಫೋನಿಗೆ

ಓದುಗರ ಪತ್ರ: ನಾನು ಹಾಸನದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಎಂಟನೇ ತರಗತಿಯ ಮಕ್ಕಳು ಮೊದಲ ಪಿರಿಯಡ್ಡಿನಲ್ಲೇ ಆಕಳಿಸುತ್ತಾರೆ. ವಿಚಾರಿಸಿದರೆ ರಾತ್ರಿ ಒಂದು ಗಂಟೆಯವರೆಗೆ ರೀಲ್ಸ್. ಆಸ್ಟ್ರೇಲಿಯಾದಲ್ಲಿ 16 ವರ್ಷ ತುಂಬದವರಿಗೆ ಇಂಥ ಸಾಮಾಜಿಕ ಜಾಲತಾಣಗಳನ್ನೆಲ್ಲ ನಿಲ್ಲಿಸಿದ್ದಾರಂತೆ. ನಮ್ಮಲ್ಲೂ ಅಂಥದ್ದು ತಂದು, ಫೋನ್ ಕೊಡಿಸಿದ ಅಪ್ಪ ಅಮ್ಮನಿಗೆ ದಂಡ ಹಾಕಿದರೆ ಒಂದೇ ತಿಂಗಳಲ್ಲಿ ಸರಿಹೋಗುತ್ತದೆ ಎಂದು ನನ್ನ ಅಭಿಪ್ರಾಯ. ಇಂಥ ಕಾನೂನು ನಡೆಯುತ್ತದೋ ಇಲ್ಲವೋ, ನೇರವಾಗಿ ಹೇಳಿ. ‘ಸಮಾಜ ಚಿಂತಿಸಬೇಕಾಗಿದೆ’ ಎಂದು ಬರೆದು ಜಾರಿಕೊಳ್ಳಬೇಡಿ. (ಹೆಸರು ಹಾಕಬೇಡಿರೆಂದು ಕೇಳಿದ್ದಾರೆ.)

ಸಂಪಾದಕರ ಉತ್ತರ:

ಜಾರಿಕೊಳ್ಳುವುದಿಲ್ಲ ಮೇಡಂ. ಕಂಪನಿಯ ಕುತ್ತಿಗೆಗೆ ಗಂಟೆ ಕಟ್ಟುವ ಕಾನೂನು ಒಂದಿಷ್ಟು ನಡೆಯುತ್ತದೆ. ಮಗುವಿನ ಕೈ ಕಟ್ಟಲು ಹೊರಟದ್ದು ನಡೆಯುವುದಿಲ್ಲ. ಅಪ್ಪ ಅಮ್ಮನಿಗೆ ದಂಡ ಹಾಕುವುದಂತೂ ನಡೆಯುವುದೂ ಬೇಡ. ಉತ್ತರ ಇಷ್ಟೇ. ಯಾಕೆ ಹೀಗೆ ಅನ್ನುತ್ತೇನೆ ಎನ್ನುವುದಕ್ಕೆ ಸ್ವಲ್ಪ ಜಾಗ ಬೇಕು.

ಮೊದಲು ಆಸ್ಟ್ರೇಲಿಯಾ. ಅಲ್ಲಿನ ಸಂಸತ್ತು 2024ರ ನವೆಂಬರ್ ಕೊನೆಗೆ ಒಪ್ಪಿದ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಯಾಯಿತು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್, ಎಕ್ಸ್, ಯೂಟ್ಯೂಬ್ ಸೇರಿ ಹತ್ತು ತಾಣಗಳು 16 ತುಂಬದವರಿಗೆ ಖಾತೆ ಕೊಡುವಂತಿಲ್ಲ, ಇದ್ದದ್ದನ್ನೂ ತೆಗೆಯಬೇಕು. ಅದಕ್ಕೆ ತಕ್ಕ ಕ್ರಮ ಕೈಗೊಳ್ಳದ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ನಮ್ಮ ಲೆಕ್ಕದಲ್ಲಿ ಮುನ್ನೂರು ಕೋಟಿ ರೂಪಾಯಿಯ ಆಸುಪಾಸು. ನೀವು ಗಮನಿಸಬೇಕಾದ್ದು ಇಲ್ಲಿ: ಮಗುವಿಗೆ ದಂಡವಿಲ್ಲ, ಹೆತ್ತವರಿಗೂ ಇಲ್ಲ. ಒಂದು ಪೈಸೆ ಕೂಡ. ಅದನ್ನು ಬೇಕೆಂದೇ ಹಾಗೆ ಬರೆದಿದ್ದಾರೆ.

ಫಲ ಸಿಕ್ಕಿತೇ ಎಂದರೆ, ಮೊದಲ ತಿಂಗಳಲ್ಲೇ ಸುಮಾರು 47 ಲಕ್ಷ ಖಾತೆಗಳನ್ನು ಮುಚ್ಚಲಾಗಿದೆ ಇಲ್ಲವೇ ತಡೆಹಿಡಿಯಲಾಗಿದೆ ಎಂದು ಅಲ್ಲಿನ ಸರ್ಕಾರ ಹೇಳಿತು. ಸಣ್ಣ ಸಂಖ್ಯೆಯೇನಲ್ಲ. ಆದರೆ ಅದು ಖಾತೆಗಳ ಲೆಕ್ಕ, ಮಕ್ಕಳದ್ದಲ್ಲ. ಒಂದೊಂದು ಹುಡುಗನಿಗೆ ಮೂರು ನಾಲ್ಕು ಖಾತೆ ಇರುವುದು ನಿಮಗೂ ಗೊತ್ತು. ಆ ಕಾನೂನು ಮುಟ್ಟುವುದು ಖಾತೆಯನ್ನು ಮಾತ್ರ. ಲಾಗಿನ್ ಆಗದೆ ಯೂಟ್ಯೂಬ್ ನೋಡಿದರೆ ಅದಕ್ಕೆ ಅಡ್ಡಿಯಿಲ್ಲ. ವಾಟ್ಸ್ಆ್ಯಪ್ ಆ ಪಟ್ಟಿಯಲ್ಲೇ ಇಲ್ಲ.

ಈಗ ಅದನ್ನು ತಂದು ನಿಮ್ಮ ಊರಿನ ಒಂದು ಮನೆಯಲ್ಲಿ ಇಡಿ. ಆಸ್ಟ್ರೇಲಿಯಾದ ಮಗುವಿಗೆ ತನ್ನದೇ ಫೋನು, ತನ್ನದೇ ಖಾತೆ ಇರುತ್ತದೆ ಎಂಬ ಲೆಕ್ಕದ ಮೇಲೆ ಆ ಕಾನೂನು ನಿಂತಿದೆ. ನಮ್ಮಲ್ಲಿ? ಹಳ್ಳಿಗಾಡಿನ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆ 2024ರಲ್ಲಿ 14ರಿಂದ 16ರ ವಯಸ್ಸಿನವರನ್ನು ಕೇಳಿತು. ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಬಳಸಲು ಬರುವ 14ರ ಮಕ್ಕಳಲ್ಲಿ ಸ್ವಂತ ಫೋನ್ ಇದ್ದದ್ದು ಶೇ 27ರಷ್ಟು ಮಂದಿಗೆ ಮಾತ್ರ. ಮಿಕ್ಕವರದು ಅಪ್ಪನ ಫೋನು, ಅಕ್ಕನ ಫೋನು, ಮಾವ ಊರಿಂದ ಬಂದಾಗ ಮಾವನ ಫೋನು. ಹಿಂದಿನ ಒಂದು ವಾರದಲ್ಲಿ ಓದಿನ ಕೆಲಸಕ್ಕೆ ಫೋನ್ ಮುಟ್ಟಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಮುಟ್ಟಿದವರು ಶೇ 76. ಅಪ್ಪ ಉಂಡು ಮಲಗಿದ ಮೇಲೆ ಅವನ ಖಾತೆಯಲ್ಲೇ ಮಗ ರೀಲ್ಸ್ ನೋಡಿದರೆ ಕಂಪನಿಯ ಕಣ್ಣಿಗೆ ಅವನು ನಲವತ್ತೈದರ ರೈತ. ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್ ಜಾಹೀರಾತು, ಹಿಂದೆಯೇ ಕಾರ್ಟೂನು. ಯಾರ ಖಾತೆ ಮುಚ್ಚುವುದು?

ವಯಸ್ಸಿನ ವಿಷಯದಲ್ಲಿ ನಮ್ಮ ನಾಡಿಗೆ ಹಳೆಯ ಅನುಭವವಿದೆ. ನಮ್ಮ ತಲೆಮಾರಿನ ಅರ್ಧಕ್ಕರ್ಧ ಜನ ಜೂನ್ 1ರಂದು ಹುಟ್ಟಿದವರು. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ತಾರೀಖು ನೆನಪಿಲ್ಲ, ‘ದೊಡ್ಡ ಮಳೆ ಬಂದ ವರ್ಷ’ ಎಂದಷ್ಟೇ ಗೊತ್ತು. ಹೆಡ್‌ಮಾಸ್ತರರು ಮುಖ ನೋಡಿ ಜೂನ್ 1 ಬರೆದರು. ಸರ್ಕಾರಿ ದಾಖಲೆಯಲ್ಲಿ ನನ್ನ ಜನ್ಮದಿನವೂ ಅದೇ. ಇಂದು ಆ ಹೆಡ್‌ಮಾಸ್ತರರ ಕೆಲಸವನ್ನು ಮಕ್ಕಳೇ ಮಾಡಿಕೊಳ್ಳುತ್ತಿದ್ದಾರೆ. ಖಾತೆ ತೆರೆಯುವಾಗ ಹುಟ್ಟಿದ ವರ್ಷದ ಚಕ್ರವನ್ನು ಬೆರಳಿನಿಂದ ಜೋರಾಗಿ ಒಮ್ಮೆ ತಿರುಗಿಸಿದರೆ ಎಲ್ಲಿ ನಿಲ್ಲುತ್ತದೋ ಅದೇ ವಯಸ್ಸು. ಈ ತಾಣಗಳು ಇಟ್ಟುಕೊಂಡ 13ರ ಗಡಿಯನ್ನು ಯಾವ ಮಕ್ಕಳ ವೈದ್ಯರೂ ಗೊತ್ತು ಮಾಡಿದ್ದಲ್ಲ. ಮಕ್ಕಳ ಮಾಹಿತಿ ಸಂಗ್ರಹದ ಬಗ್ಗೆ ಅಮೆರಿಕ 1998ರಲ್ಲಿ ಮಾಡಿದ ಕಾನೂನಿನಲ್ಲಿ ಆ ಅಂಕಿ ಇತ್ತು, ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು.

ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎನ್ನುವ ಮಕ್ಕಳು ಎಲ್ಲ ದೇಶದಲ್ಲೂ ಇದ್ದಾರೆ. ದಕ್ಷಿಣ ಕೊರಿಯಾ 2011ರಲ್ಲಿ ಒಂದು ಕಾನೂನು ತಂದಿತು: 16 ತುಂಬದವರು ನಡುರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಆನ್‌ಲೈನ್ ಗೇಮ್ ಆಡುವಂತಿಲ್ಲ. ಜನ ಅದಕ್ಕೆ ಸಿಂಡರೆಲಾ ಕಾನೂನು ಎಂದು ಹೆಸರಿಟ್ಟರು. ಅಲ್ಲಿ ಗೇಮ್ ಕಂಪನಿಗಳು ಆಟಗಾರರ ನಾಗರಿಕ ನೋಂದಣಿ ಸಂಖ್ಯೆ ಕೇಳುತ್ತಿದ್ದವು. ಮಕ್ಕಳು ಅಪ್ಪ ಅಮ್ಮನದು ಹಾಕಿದರು. ಅಷ್ಟರಲ್ಲಿ ಆಟವೇ ಕಂಪ್ಯೂಟರ್ ಬಿಟ್ಟು ಮೊಬೈಲಿಗೆ ಇಳಿಯಿತು, ಮೊಬೈಲ್ ಆಟಕ್ಕೆ ಆ ಕಾನೂನು ಅನ್ವಯಿಸುತ್ತಿರಲಿಲ್ಲ. ಹತ್ತು ವರ್ಷ ಹೆಣಗಾಡಿ 2022ರ ಆರಂಭಕ್ಕೆ ಕೈಬಿಟ್ಟರು. ಚೀನಾ ಇನ್ನೂ ಬಿಗಿ. 2021ರಿಂದ ಅಲ್ಲಿ 18ರೊಳಗಿನವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ಹಬ್ಬದ ದಿನ ಸಂಜೆ ಎಂಟರಿಂದ ಒಂಬತ್ತು, ಅಷ್ಟೇ ಆಟ. ಅಲ್ಲಿನ ದೊಡ್ಡ ಗೇಮ್ ಕಂಪನಿ ಟೆನ್ಸೆಂಟ್ ಮುಖ ಗುರುತಿಸುವ ಕ್ಯಾಮೆರಾ ಕಾವಲನ್ನೂ ಇಟ್ಟಿತು. ಹಾಗಿದ್ದೂ ಅಜ್ಜ ಅಜ್ಜಿಯರ ಖಾತೆ ಮಕ್ಕಳ ಕೈಗೆ ಬಂತು. ಅಷ್ಟು ಕಾವಲು ನಮಗೆ ಬೇಕೂ ಇಲ್ಲ.

‘ನಮ್ಮಲ್ಲಿ ನಿಷೇಧವೇ ಆಗುವುದಿಲ್ಲ’ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. 2020ರ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ಕೇಂದ್ರ ನಿಷೇಧಿಸಿತು. ಆ್ಯಪ್ ಸ್ಟೋರಿನಿಂದ ತೆಗೆದು, ಸರ್ವರ್ ಕಡೆಯಿಂದಲೇ ತಡೆದದ್ದರಿಂದ ಟಿಕ್‌ಟಾಕ್ ನಿಜಕ್ಕೂ ಹೋಯಿತು, ಇಂದಿಗೂ ಬಂದಿಲ್ಲ. ಯಾವ ಹುಡುಗನನ್ನೂ ಯಾರೂ ಹಿಡಿಯಬೇಕಾಗಲಿಲ್ಲ. ಆದರೆ ಜುಲೈ ಮುಗಿಯುವುದರೊಳಗೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಬಂತು. ಎರಡೂ ಟಿಕ್‌ಟಾಕಿನ ತದ್ರೂಪು. ನಿಮ್ಮ ಮಕ್ಕಳ ಆಕಳಿಕೆಯ ಮೂಲ ಅಲ್ಲಿದೆ. ಗುಟ್ಕಾ ಕಥೆ ನೆನಪಿದೆಯಲ್ಲ? 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಲ್ಲಿಸಿತು. ಪೆಟ್ಟಿಗೆ ಅಂಗಡಿಯಲ್ಲಿ ಪಾನ್ ಮಸಾಲ ಒಂದು ಚೀಟಿ, ತಂಬಾಕು ಒಂದು ಚೀಟಿ, ಎರಡೂ ಅಕ್ಕಪಕ್ಕ ನೇತಾಡಿದವು. ಹೆಸರನ್ನು ನಿಷೇಧಿಸಿದರೆ ಚಟ ಬೇರೆ ಹೆಸರಿಟ್ಟುಕೊಳ್ಳುತ್ತದೆ.

ಇಷ್ಟಾಗಿ ನಮ್ಮಲ್ಲಿ ಕಾನೂನೇ ಇಲ್ಲ ಎಂದುಕೊಳ್ಳಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಓದಿ. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದದ್ದಾಗಿರಬೇಕು. ತಪ್ಪಿದರೆ ಕಂಪನಿಗೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಮುಖ್ಯ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ವಯಸ್ಸಿನ ಗಡಿಯಲ್ಲಿ, ಕಾಗದದ ಮೇಲೆ, ಆಸ್ಟ್ರೇಲಿಯಾಕ್ಕಿಂತ ಎರಡು ವರ್ಷ ಮುಂದೆಯೇ ಇದ್ದೇವೆ.

ಕಾಗದ ಬಿಟ್ಟು ಅಡುಗೆಮನೆಗೆ ಬನ್ನಿ. ಒಪ್ಪಿಗೆಗಾಗಿ ಒಟಿಪಿ ಬರುವುದು ಅಮ್ಮನ ಫೋನಿಗೆ. ಅಮ್ಮನ ಫೋನ್ ಇರುವುದು ಮಗನ ಕೈಯಲ್ಲಿ. ಆ ಫೋನಿಗೆ ಪಾಸ್‌ವರ್ಡ್ ಇಟ್ಟವನು ಅವನು, ಗ್ಯಾಸ್ ಬುಕ್ ಮಾಡುವವನು ಅವನು, ‘ಇದೇನೋ ಬಂದಿದೆ ನೋಡೋ’ ಎಂದು ಅವಳು ಕೊಡುವುದೂ ಅವನಿಗೇ. ಅವನು ನೋಡುತ್ತಾನೆ, ಒಪ್ಪಿಗೆ ಕೊಡುತ್ತಾನೆ. ಅದಕ್ಕೂ ಮೊದಲು ತಾನು ಮಗು ಎಂದು ಅವನು ಒಪ್ಪಿಕೊಂಡಿರಬೇಕಲ್ಲ!

ಹಾಗಾದರೆ ಎಲ್ಲರ ವಯಸ್ಸನ್ನೂ ಆಧಾರ್ ಹಿಡಿದು ಪರೀಕ್ಷಿಸಲಿ ಎನ್ನಬಹುದು. ಮಕ್ಕಳು ಯಾರು ಎಂದು ತಿಳಿಯಲು ಮಕ್ಕಳಲ್ಲದವರೂ ಗುರುತು ತೋರಿಸಬೇಕು. ನೀವು ರಾತ್ರಿ ಏನು ನೋಡುತ್ತೀರಿ, ಯಾರ ಬರಹಕ್ಕೆ ಮೆಚ್ಚುಗೆ ಒತ್ತುತ್ತೀರಿ ಎಂಬುದಕ್ಕೆಲ್ಲ ನಿಮ್ಮ ಗುರುತಿನ ಸಂಖ್ಯೆ ಅಂಟಿಕೊಳ್ಳುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ಯಾರ ಅರ್ಜಿಯ ಮೇಲೆ? ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರದು, ಅದೂ ಆಧಾರ್ ವಿಷಯದಲ್ಲೇ. ಸರ್ಕಾರಿ ಗುರುತಿನ ಚೀಟಿಯೊಂದನ್ನೇ ಕೇಳಿ ಬೇರೆ ದಾರಿ ಕೊಡದಿರುವುದು ಆಸ್ಟ್ರೇಲಿಯಾದ ಕಾನೂನಿನಲ್ಲೂ ಸಲ್ಲದು.

ಇದೇ ಹೈಕೋರ್ಟಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿ ವಿಚಾರಣೆ ನಡೆದಾಗ ನ್ಯಾಯಪೀಠ ನಿಮ್ಮ ಹಾಗೆಯೇ ನೊಂದು ಮಾತಾಡಿತ್ತು. ಮದ್ಯಕ್ಕೆ ಇರುವ ಹಾಗೆ ಇದಕ್ಕೂ ವಯಸ್ಸಿನ ಮಿತಿ ಇರಲಿ, 21 ಆದರೂ ಆಗಲಿ ಎಂಬ ಅರ್ಥದ ಮೌಖಿಕ ಮಾತು ಅದು. ರಾಜ್ಯ ಸರ್ಕಾರವೇ ಯಾಕೆ ಮಾಡಬಾರದು ಎಂದು ಕೇಳುವವರೂ ಇದ್ದಾರೆ. ಅಂಚೆ, ತಂತಿ, ದೂರವಾಣಿ, ಅಂಥ ಸಂವಹನಗಳೆಲ್ಲ ಸಂವಿಧಾನದಲ್ಲಿ ಕೇಂದ್ರದ ಪಟ್ಟಿಗೆ ಸೇರಿದವು. ರಾಜ್ಯ ಏನೇ ಘೋಷಿಸಿದರೂ ಆ ಗೋಡೆಗೆ ಬಂದು ನಿಲ್ಲಬೇಕು. ಶಾಲೆಯ ಗೇಟಿನೊಳಗೆ ಫೋನ್ ಬೇಡ ಎನ್ನಲು ಮಾತ್ರ ಯಾರ ಅಪ್ಪಣೆಯೂ ಬೇಕಿಲ್ಲ.

ನಿಮ್ಮ ದಂಡದ ಮಾತಿಗೆ ಬರುತ್ತೇನೆ. ಅದು ಎಲ್ಲಿಂದ ಬಂತು ಎಂದು ಊಹಿಸಬಲ್ಲೆ. ಹುಡುಗ ಬೈಕ್ ಓಡಿಸಿ ಸಿಕ್ಕಿಬಿದ್ದರೆ ಅಪ್ಪನಿಗೆ 25 ಸಾವಿರ ರೂಪಾಯಿ ಎಂದು 2019ರಲ್ಲಿ ಮೋಟಾರು ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಅಲ್ಲಿಂದ. ಬೈಕು ರಸ್ತೆಗೆ ಬರುತ್ತದೆ, ಪೊಲೀಸರಿಗೆ ಕಾಣುತ್ತದೆ. ಫೋನು ಕಂಬಳಿಯೊಳಗಿರುತ್ತದೆ. ಕಂಬಳಿ ಎತ್ತಿ ನೋಡುವ ಅಧಿಕಾರ ಯಾರಿಗೆ ಕೊಡೋಣ? ಜೊತೆಗೆ, ದಂಡದ ಭಯ ಹುಟ್ಟಿದ ದಿನ ಮನೆಯಲ್ಲಿ ಮೊದಲು ಕಿತ್ತುಕೊಳ್ಳುವುದು ಹೆಣ್ಣುಮಗಳ ಫೋನು. ಅದೇ ಅಸರ್ ಲೆಕ್ಕದಲ್ಲಿ ಸ್ವಂತ ಫೋನ್ ಇದ್ದ ಹುಡುಗರು ಶೇ 36, ಹುಡುಗಿಯರು ಶೇ 27ಕ್ಕೂ ಕಡಿಮೆ. ಅವಳ ಫೋಟೊ ತಿದ್ದಿ ಯಾರೋ ಬೆದರಿಸುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಹೇಳಿದರೆ ಅಪ್ಪನಿಗೆ ದಂಡ, ತನಗೆ ಫೋನಿಲ್ಲ, ಶಾಲೆಯೂ ನಿಂತೀತು. ಅವಳು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುತ್ತಾಳೆಯೇ? ನಿಮ್ಮ ಬಳಿಗಾದರೂ ಬರುತ್ತಾಳೆಯೇ? ಈ ಒಂದು ಕಾರಣಕ್ಕೇ ನಾನು ನಿಮ್ಮ ಸಲಹೆಗೆ ವಿರೋಧಿ.

ಹಾಗಿದ್ದರೆ ಯಾವುದು ನಡೆಯುತ್ತದೆ? ಅದೇ 9ನೇ ಸೆಕ್ಷನ್ನಿನಲ್ಲಿ ಯಾರೂ ಹೆಚ್ಚು ಮಾತಾಡದ ಇನ್ನೊಂದು ಸಾಲಿದೆ. ಮಕ್ಕಳ ಜಾಡು ಹಿಡಿಯುವಂತಿಲ್ಲ, ಅವರ ನಡವಳಿಕೆಯ ಮೇಲೆ ಕಣ್ಣಿಡುವಂತಿಲ್ಲ, ಅವರಿಗೆಂದೇ ಗುರಿಯಿಟ್ಟ ಜಾಹೀರಾತು ಕೊಡುವಂತಿಲ್ಲ. ರೀಲ್ಸ್ ಎಂಬ ಯಂತ್ರ ತಿರುಗುವುದೇ ಕಣ್ಣಿಡುವುದರಿಂದ. ಯಾವ ವಿಡಿಯೊ ಮೇಲೆ ಬೆರಳು ಎರಡು ಸೆಕೆಂಡ್ ಹೆಚ್ಚು ನಿಂತಿತು ಎಂದು ನೋಡಿ ಮುಂದಿನದನ್ನು ಬಡಿಸುವುದು. ಎಲೆ ಖಾಲಿಯಾಗುವ ಮೊದಲೇ ಸಾಕು ಅನ್ನಲು ಬಿಡದೆ ಬಡಿಸುವುದು. ಅದನ್ನು ನಿಲ್ಲಿಸಲು ಕಂಪನಿಯ ಲೆಕ್ಕಪುಸ್ತಕ ತೆರೆದರೆ ಸಾಕು, ಮಗುವಿನ ಕಂಬಳಿ ಎತ್ತಬೇಕಿಲ್ಲ. ತಾನೇ ತಾನಾಗಿ ಮುಂದಿನ ವಿಡಿಯೊ ಓಡುವುದನ್ನು, ನಡುರಾತ್ರಿ ಫೋನು ಗುಂಯ್ ಎನ್ನುವುದನ್ನು ನಿಲ್ಲಿಸಿ ಎನ್ನಲು ಯಾರ ವಯಸ್ಸನ್ನೂ ಕೇಳಬೇಕಿಲ್ಲ. ಎಲ್ಲರಿಗೂ ನಿಲ್ಲಿಸಲಿ, ನನಗೂ ನಿದ್ದೆ ಬರುತ್ತದೆ. ಗಡುವು ಮುಗಿದ ಮೇಲೆ ಈ ಸಾಲನ್ನು ಹಿಡಿದು ಕಂಪನಿಗಳನ್ನು ಕೇಳುವವರು ಬೇಕು. ಒಪ್ಪಿಗೆಯ ನಾಟಕ ಆಡಿಸಿ ಈ ಸಾಲನ್ನು ಮರೆಸಿಬಿಟ್ಟಾರು ಎಂಬುದು ನನ್ನ ಅಂಜಿಕೆ.

ಕಾನೂನಿನ ಹೊರಗೂ ಕೆಲವು ನಡೆದಿವೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಫೋನ್, ಗೇಮ್ ಗೀಳಿಗೆ ಪ್ರತ್ಯೇಕ ಕ್ಲಿನಿಕ್ ತೆರೆದಿದೆ. ತೀರಾ ಕೈಮೀರಿದ ಮಗುವಿದ್ದರೆ ಆ ಹೆಸರು ನೆನಪಿರಲಿ. ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾವ್ ಎಂಬ ಹಳ್ಳಿಯಲ್ಲಿ 2022ರಲ್ಲಿ ಸಂಜೆ ಏಳಕ್ಕೆ ದೇವಸ್ಥಾನದ ಸೈರನ್ ಕೂಗಿಸಿ ಒಂದೂವರೆ ಗಂಟೆ ಟೀವಿ, ಫೋನ್ ಎರಡನ್ನೂ ಬಂದ್ ಮಾಡಿಸತೊಡಗಿದರು. ಅಲ್ಲಿ ನನಗೆ ಇಷ್ಟವಾದದ್ದು, ಅಪ್ಪನ ಕ್ರಿಕೆಟ್ಟೂ ಅಮ್ಮನ ಧಾರಾವಾಹಿಯೂ ಬಂದ್ ಆದದ್ದು.

ಒಂದು ಮಾತು ಬೇಸರ ಮಾಡಿಕೊಳ್ಳದೆ ಕೇಳಿ. ಕೊರೊನಾ ಕಾಲದಲ್ಲಿ ಮಕ್ಕಳ ಕೈಗೆ ಫೋನ್ ಕೊಡಿಸಿದ್ದು ನಾವೇ, ಶಾಲೆಯವರೂ ಸೇರಿ. ಶಾಲೆ ತೆರೆದ ಮೇಲೂ ಹೋಂವರ್ಕ್ ಇಂದಿಗೂ ವಾಟ್ಸ್ಆ್ಯಪ್ ಗ್ರೂಪಿನಲ್ಲೇ ಬರುವ ಶಾಲೆಗಳಿವೆ. ‘ಮಿಸ್ ಕಳಿಸಿದ್ದಾರಮ್ಮ’ ಎಂದು ತೆಗೆದುಕೊಂಡ ಫೋನು ವಾಪಸ್ ಬರುವುದು ಯಾವಾಗ? ನಿಮ್ಮ ಶಾಲೆಯಲ್ಲಿ ಹಾಗಿದ್ದರೆ ಹೋಂವರ್ಕನ್ನು ಮತ್ತೆ ಬೋರ್ಡಿಗೆ ತನ್ನಿ. (ನಾವೂ ತೊಳೆದ ಮುತ್ತಲ್ಲ. ಈ ಪತ್ರಿಕೆಯೂ ಸಂದರ್ಶನಗಳನ್ನು ಮೂವತ್ತು ಸೆಕೆಂಡಿಗೆ ಕತ್ತರಿಸಿ ರೀಲ್ಸ್ ಮಾಡಿ ಹಾಕುತ್ತದೆ.)

ಕೊನೆಗೊಂದು ಕೋರಿಕೆ. ಸೋಮವಾರ ತರಗತಿಯಲ್ಲಿ ಹೆಸರು ಬರೆಯದೆ ಒಂದು ಚೀಟಿ ಕೊಡಲು ಹೇಳಿ: ಖಾತೆ ತೆರೆಯುವಾಗ ಯಾವ ಹುಟ್ಟಿದ ವರ್ಷ ಹಾಕಿದಿರಿ, ಅದು ಯಾರ ಫೋನು, ಒಟಿಪಿ ಕೇಳಿದಾಗ ಯಾರು ಒತ್ತಿದರು. ಬೈಯುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಸಿಕ್ಕಿದ್ದನ್ನು ನಮಗೆ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿಮ್ಮ ತರಗತಿಗೆ ಮೀಸಲು.